ಮನೆಗೆ ಬಂದವರಿಗೆ ಲೆಕ್ಕವೇ?

ಕಾಫಿ ಕುಯ್ಲಿನ ನಡುವೆ ತೋಟ ಬಿಟ್ಟು ಹೊರಡುವವರನ್ನು ನಮ್ಮ ಕಡೆ ಯಾರೂ ಬುದ್ಧಿವಂತರೆನ್ನುವುದಿಲ್ಲ. ಆದರೂ 2024ರ ಡಿಸೆಂಬರ್ ಕೊನೆಯಲ್ಲಿ, ಅರೇಬಿಕಾ ಇನ್ನೂ ಕಣದಲ್ಲಿ ಒಣಗುತ್ತಿರುವಾಗಲೇ, ನಾವು ದಂಪತಿಗಳು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ದಿನ ಹಾಯಾಗಿ ಇದ್ದು ಬಂದೆವು. ಧಾರವಾಡದ ಕೃಷಿ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯರ ಮನೆ ಅದು. ಮೂವತ್ತು ವರ್ಷದಿಂದ ಕರೆಯುತ್ತಲೇ ಇದ್ದರು.

ವಿಜಯಪುರದಿಂದ ಆಚೆಗೆ ಬಸ್ಸು ಹೊರಟ ಮೇಲೆ ಮರದ ನೆರಳು ಕಾಣಲು ಮೈಲಿಗಟ್ಟಲೆ ಹೋಗಬೇಕು. ನೆರಳಿನಡಿಯಲ್ಲೇ ಬದುಕುವ ನಮಗೆ ಮೊದಲ ದಿನ ಕಣ್ಣು ಕುಕ್ಕಿತು. ಮರುದಿನದಿಂದ ಆ ಬಯಲೇ ಹಿಡಿಸಿತು. ನಮ್ಮಲ್ಲಿ ಒಂದು ಜುಲೈ ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ವರ್ಷಕ್ಕೂ ಬೀಳುವುದು ಕಷ್ಟ. ಆದರೂ ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿತ್ತು. ಸ್ಪ್ರಿಂಕ್ಲರ್ ಇಲ್ಲದೆ ಕಾಫಿ ಹೂವು ಅರಳುವುದೇ ಇಲ್ಲವೆಂದು ನಂಬಿರುವ ನಾವು ಆ ಹೊಲದಲ್ಲಿ ಹೆಚ್ಚು ಮಾತನಾಡಲಿಲ್ಲ.

ಡಿಸೆಂಬರ್ 30ರಂದು ಎಳ್ಳ ಅಮಾವಾಸ್ಯೆ. ಅಂದು ಆ ಸೀಮೆಯಲ್ಲಿ ಊರಿಗೆ ಊರೇ ಬಂಡಿ, ಟ್ರ್ಯಾಕ್ಟರ್ ಹೂಡಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ. ಆಮೇಲೆ ಒಬ್ಬರು ಕೂಗುತ್ತ ಪೈರಿಗೆ ಚರಗ ಚೆಲ್ಲಿದರೆ, ಹಿಂದಿನವರು ನೀರು ಚಿಮುಕಿಸುತ್ತ ದನಿಗೂಡಿಸುತ್ತಾರೆ. ಭೂತಾಯಿಗೆ ಬಡಿಸಿದ ಮೇಲೇ ನಮಗೆ ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಎಣ್ಣೆಗಾಯಿ ಬದನೆ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ಹಾದಿಯಲ್ಲಿ ಹೋಗುತ್ತಿದ್ದ ಅಪರಿಚಿತರಿಬ್ಬರನ್ನೂ ಕರೆದು ಕೂರಿಸಿದರು. ಅವರ ಹೆಸರನ್ನು ಊಟ ಮುಗಿದ ಮೇಲೆ ಕೇಳಿದ್ದು!

ಅಂದು ಸಂಜೆ ಮಾತಿಗೆ ಮಾತು ಬಂದು, ನಮ್ಮ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದೇವೆ, ತಲೆಗೆ ಇಂತಿಷ್ಟು ದರ ಎಂದು ಹೇಳಿಕೊಂಡೆವು. ಗೆಳೆಯರ ತಾಯಿ ರೊಟ್ಟಿ ಬುಟ್ಟಿ ಮುಚ್ಚುತ್ತ ಕೇಳಿದರು: "ಯಪ್ಪಾ, ಮನಿಗಿ ಬಂದವ್ರಿಗಿ ಲೆಕ್ಕ ಹಚ್ತಾರೇನು? ಹೊಟ್ಟಿ ತುಂಬ ಉಣ್ಣಂತ ಹ್ಯಾಂಗ ಅಂತಿ ಮತ್ತ?"

ಉತ್ತರ ನಮ್ಮಲ್ಲಿ ಇಲ್ಲದಿರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ನಮ್ಮಂಥ ಸಣ್ಣ ಬೆಳೆಗಾರರ ಎಷ್ಟೋ ಮನೆಗಳ ಒಲೆ ಉರಿಸಿದ್ದು ಆ ಕೋಣೆಗಳೇ. ಅದನ್ನು ಹೀಗಳೆಯುವವರು ಬ್ಯಾಂಕಿನ ನೋಟೀಸು ನೋಡಿಲ್ಲ. ನಮ್ಮ ತಕರಾರು ಬೇರೆ. ಕೋಣೆ ಬಾಡಿಗೆಗೆ ಹೋದಂದಿನಿಂದ ನಮ್ಮ ನೆಂಟರು ಬರುವುದು ನಿಂತಿದೆ. ನಮ್ಮ ಸೋದರತ್ತೆ "ಖಾಲಿ ಇದೆಯೇನೋ?" ಎಂದು ಫೋನು ಮಾಡಿ ಕೇಳುತ್ತಾರೆ. ತವರುಮನೆಗೆ ಬರಲು ಅತ್ತೆ ಹೀಗೆ ಕೇಳಬೇಕಾದರೆ ತಪ್ಪು ಅವರದ್ದಲ್ಲವಷ್ಟೆ? ಶನಿವಾರ, ಭಾನುವಾರ ಬಂದವರಿಗೆ ನಗುನಗುತ್ತ ಬಡಿಸಿ, ಸೋಮವಾರ ಮನೆಯವರ ಮೇಲೆಯೇ ರೇಗುವುದು ನಮಗೆ ಅಭ್ಯಾಸವಾಗಿದೆ.

2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂತು. ಹಳೆಯ ಸಾಲ ತೀರಿಸಿಕೊಂಡವರು ಅನೇಕರಿದ್ದಾರೆ. ಅಂಥ ಬೆಳೆಗಾರ ಬಂಧುಗಳಲ್ಲಿ ನಮ್ಮದೊಂದು ಅರಿಕೆ: ಇರುವ ಕೋಣೆಗಳಲ್ಲಿ ಒಂದನ್ನು ದರಪಟ್ಟಿಯಿಂದ ತೆಗೆಯಿರಿ. ಪೂರ್ತಿ ಆಗದಿದ್ದರೆ ವರ್ಷಕ್ಕೆ ಹದಿನೈದು ದಿನವಾದರೂ ಆಗಲಿ. ಬಯಲುಸೀಮೆಯಲ್ಲಿ ಹಳೆಯ ಗೆಳೆಯರಿದ್ದರೆ ಮಳೆಗಾಲಕ್ಕೆ ಕರೆಯಿರಿ, ಎಳ್ಳ ಅಮಾವಾಸ್ಯೆಗೆ ನೀವು ಹೋಗಿ. ಕುಯ್ಲು ನಾಲ್ಕು ದಿನ ಕಾಯುತ್ತದೆ. ನಮ್ಮದು ಕಾಯಿತು, ಹಣ್ಣು ಸ್ವಲ್ಪ ಉದುರಿತು ಅಷ್ಟೆ.

ಸಿಂದಗಿಯ ಗೆಳೆಯರು 2025ರ ಜುಲೈನಲ್ಲಿ ತಾಯಿಯೊಂದಿಗೆ ಬಂದು ಐದು ದಿನ ಇದ್ದರು. ಬಂದಿದ್ದ ಎರಡು ಬುಕಿಂಗುಗಳನ್ನು ಬೇಡವೆಂದೆವು. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹೊಳವಾಗಲೆಂದು ನಾವು ದಿನವೂ ಆಕಾಶ ನೋಡುತ್ತಿದ್ದರೆ, ಅಜ್ಜಿ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು, ಮಳೆ ನಿಂತಾಗಲೆಲ್ಲ "ಯಾಕ ನಿಂತ್ತು?" ಎಂದು ಕೇಳುತ್ತಿದ್ದರು.