ವ್ಯಾಯಾಮಶಾಲೆಗಳ ಸ್ವಾಧೀನ ಮತ್ತು ಗರಡಿಮನೆ

ದೊಡ್ಡ ಸಂಸ್ಥೆಗಳು ಚಿಕ್ಕ ವ್ಯಾಯಾಮಶಾಲೆಗಳನ್ನು ಕೊಂಡು ಬೆಳೆಯುವ ಪದ್ಧತಿಗೆ ಕರ್ನಾಟಕದ ಪ್ರಮುಖ ನಿದರ್ಶನ ಬೆಂಗಳೂರಿನ ಕ್ಯೂರ್‌ಫಿಟ್. ಮುಕೇಶ್ ಬನ್ಸಲ್ ಮತ್ತು ಅಂಕಿತ್ ನಾಗೋರಿ 2016ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ನಗರದ ಕಲ್ಟ್ ವ್ಯಾಯಾಮಶಾಲೆಯನ್ನು ತನ್ನದಾಗಿಸಿಕೊಂಡು, ಆ ಹೆಸರಿನಲ್ಲಿಯೇ ಕೇಂದ್ರಗಳನ್ನು ವಿಸ್ತರಿಸಿತು. 2022ರಲ್ಲಿ ಭಾರತದ ಗೋಲ್ಡ್ಸ್ ಜಿಮ್ ವ್ಯವಹಾರದ ಬಹುಪಾಲನ್ನು ಖರೀದಿಸಿತು. ಇಂತಹ ಖರೀದಿಯಲ್ಲಿ ಯಂತ್ರಗಳಷ್ಟೇ ಅಲ್ಲ, ಸದಸ್ಯರೂ ತರಬೇತುದಾರರೂ ಹೊಸ ಆಡಳಿತಕ್ಕೆ ಒಳಪಡುತ್ತಾರೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹಳೆಯ ಗರಡಿಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಕೆಂಪು ಮಣ್ಣಿನ ಅಖಾಡ, ಹನುಮಂತನ ಮೂರ್ತಿ, ಗದೆಗಳುಳ್ಳ ಗರಡಿಯು ಸಾಮಾನ್ಯವಾಗಿ ಊರಿನ ಅಥವಾ ದೇವಸ್ಥಾನದ ಸ್ವತ್ತು. ವಸ್ತಾದಿ ಅಲ್ಲಿ ಗುರುವೇ ಹೊರತು ಮಾಲೀಕನಲ್ಲ. ಮಾರುವವರಿಲ್ಲದ ಕಾರಣ ಕೊಳ್ಳುವವರೂ ಇಲ್ಲ.

ಆದರೆ ಈ ರಕ್ಷಣೆಯೇ ಅದರ ದೌರ್ಬಲ್ಯವೂ ಹೌದು. ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡು ರಾಜಾಶ್ರಯದ ಕಾಲ ಮುಗಿಯಿತು. ಆ ಬಳಿಕ ಗರಡಿಯ ನಿರ್ವಹಣೆ ಊರವರ ವಂತಿಗೆಯನ್ನೂ ಜಾತ್ರೆಯ ಕುಸ್ತಿಯನ್ನೂ ಅವಲಂಬಿಸಿದೆ. ಸ್ವಾಧೀನಗೊಂಡ ವ್ಯಾಯಾಮಶಾಲೆ ಬೇರೊಬ್ಬರ ಒಡೆತನದಲ್ಲಾದರೂ ಉಳಿಯಬಹುದು. ತರುಣರು ಶುಲ್ಕ ತೆತ್ತು ಜಿಮ್ ಸೇರಿದರೆ ಗರಡಿಯು ಯಾರ ಕೈಗೂ ಹೋಗದೆಯೇ ಬರಿದಾಗುತ್ತದೆ. ಹದಮಾಡುವವರಿಲ್ಲದೆ ಅಖಾಡದ ಮಣ್ಣು ಗಟ್ಟಿಯಾಗುತ್ತದೆ.