ಬಡಾವಣೆಯ ಮಳೆನೀರಿಗೆ ನಮ್ಮ ಹೊಲವೇ ಮೋರಿ?



ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರು ನೀರು. ಎರಡಂಗುಲ ಹೊಡೆದರೆ ಎರಡು ಲಕ್ಷ. ಅದನ್ನು 6,000 ಲೀಟರಿನ ಟ್ಯಾಂಕರಿಗೆ ತುಂಬಿದರೆ 33 ಟ್ಯಾಂಕರು ಆಗುತ್ತೆ. ಉತ್ತು ಬದು ಹಾಕಿದ ನಿಮ್ಮ ಒಂದೆಕರೆ ರಾಗಿ ಹೊಲ ಇದರಲ್ಲಿ ಬಹುಪಾಲನ್ನು ಸದ್ದಿಲ್ಲದೆ ಕುಡಿದುಬಿಡುತ್ತದೆ. ಮಿಕ್ಕಿದ್ದು ನಿಧಾನಕ್ಕೆ, ರಾತ್ರಿಯಿಡೀ, ಹಳ್ಳಕ್ಕೆ ಇಳಿಯುತ್ತದೆ.

ಅದೇ ಎಕರೆಯನ್ನು ಸೈಟು ಮಾಡಿ, ಡಾಂಬರು ಹಾಕಿ, ಮನೆ ಕಟ್ಟಿ, ಅಂಗಳಕ್ಕೂ ಸಿಮೆಂಟು ಬಳಿದರೆ? ನೆಲ ಕುಡಿಯೋದಿಲ್ಲ. ಹೆಚ್ಚೂ ಕಡಿಮೆ ಅಷ್ಟೂ ಟ್ಯಾಂಕರು ನೀರು ಅರ್ಧ ಗಂಟೆಯಲ್ಲಿ ಗಡಿ ದಾಟುತ್ತದೆ. ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಬಡಾವಣೆ ಮಾಡಿದವನು ಕೇಳೋದಿಲ್ಲ. ಅದು ಕೆಳಗಿನ ಸರ್ವೆ ನಂಬರಿನವನ ತಲೆನೋವು. ಆ ಕೆಳಗಿನ ಸರ್ವೆ ನಂಬರಿನವನು ನಾನು. ನಾಳೆ ನೀವೂ ಆಗಬಹುದು.

ಕೆಂಗೇರಿಯಿಂದಾಚೆ ನಮ್ಮೂರಿನ ಮೇಲುಗಡೆ ಒಂದು ಖಾಸಗಿ ಬಡಾವಣೆ ಎದ್ದಿತು. ಅಲ್ಲಿ ಹತ್ತು ಅಡಿ ಅಗಲದ ಹಳ್ಳ ಇತ್ತು, ನಾನು ಹುಡುಗನಾಗಿದ್ದಾಗ ಅದರಲ್ಲಿ ದನ ಮೈ ತೊಳೆದಿದ್ದೇನೆ. ಬಡಾವಣೆಯವರು ಅದಕ್ಕೆ ಎರಡಡಿ ಪೈಪು ಹೂತು ಮೇಲೆ ರಸ್ತೆ ಮಾಡಿದರು. ರಾಗಿ ತೆನೆ ಕಟ್ಟಿದ ಕಾಲದಲ್ಲಿ ಒಂದು ರಾತ್ರಿ ಮಳೆ ಬಂತು. ಪೈಪಿನ ಬಾಯಿಗೆ ಪ್ಲಾಸ್ಟಿಕ್ಕು, ತೆಂಗಿನ ಗರಿ ಕಟ್ಟಿಕೊಂಡವು. ನೀರು ಕಾಂಪೌಂಡು ಒಡೆದು ನನ್ನ ಎರಡೆಕರೆಗೆ ನುಗ್ಗಿತು. ಬೆಳಿಗ್ಗೆ ನೋಡಿದರೆ ಬದು ಇಲ್ಲ, ತೆನೆ ನೆಲಕಚ್ಚಿದೆ, ನಾಲ್ಕು ತಲೆಮಾರು ಗೊಬ್ಬರ ಹೊತ್ತು ಹಾಕಿದ ಮೇಲ್ಮಣ್ಣು ಹೋಗಿ ಕೆಳಗಿನ ಕಲ್ಲು ಹಲ್ಲು ಕಿರಿಯುತ್ತಿದೆ.

ಬಡಾವಣೆಯ ಮ್ಯಾನೇಜರನ್ನು ಕೇಳಿದೆ. "ನಮ್ಮ ನಕ್ಷೆ ಮಂಜೂರಾಗಿದೆ ಯಜಮಾನರೇ, ಮಳೆ ಸುರಿಸೋದು ನಮ್ಮ ಕೈಲಿಲ್ಲ" ಅಂದರು. ಕಚೇರಿಗೆ ಹೋದೆ. "ಇದು ಪ್ರವಾಹ ಅಲ್ಲ ಗೌಡ್ರೇ, ಚರಂಡಿ ನೀರು. ಪರಿಹಾರಕ್ಕೆ ಹೇಗೆ ಬರೆಯೋದು?" ಅಂದರು. ಬರೆದರು ಅಂತಲೇ ಇಟ್ಟುಕೊಳ್ಳಿ. ವಿಕೋಪ ಪರಿಹಾರದ 2022ರ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಕಟ್ಟಿದ ದರ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ 3,400. ಉಳುಮೆಯ ಟ್ರ್ಯಾಕ್ಟರು ಬಾಡಿಗೆ, ಗೊಬ್ಬರ, ಕಳೆ ಕೂಲಿ ಹಾಕಿ ನೋಡಿ. ಸೊಸೈಟಿ ಸಾಲ ಮಾತ್ರ ಮಳೆಯಲ್ಲಿ ಕೊಚ್ಚಿಹೋಗುವ ಪದಾರ್ಥವಲ್ಲ, ಅದು ಬಡ್ಡಿ ಸಮೇತ ಅಲ್ಲೇ ಇರುತ್ತದೆ.

ಇದು ಬರೀ ನನ್ನ ಗೋಳಾಗಿದ್ದರೆ ಪತ್ರಿಕೆಯ ಪುಟ ಹಾಳು ಮಾಡುತ್ತಿರಲಿಲ್ಲ. ನಮ್ಮ ಪಡುವಣ ಬೆಂಗಳೂರು ಹುಟ್ಟಿದ್ದೇ ಹೀಗೆ. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿವಾರ ಬಿತ್ತು. ಆಮೇಲೆ ವಿಜಯನಗರ, ಬಸವೇಶ್ವರನಗರ, ನಾಗರಬಾವಿ, ಕೆಂಗೇರಿ ಉಪನಗರ. ಕೇತಮಾರನಹಳ್ಳಿ, ಶಿವನಹಳ್ಳಿ, ಸಾಣೇಗುರುವನಹಳ್ಳಿ ಇವೆಲ್ಲ ಒಂದು ಕಾಲಕ್ಕೆ ಕೆರೆ ಇದ್ದ ಊರುಗಳು. ಇವತ್ತು ಅಲ್ಲಿ ಕೆರೆ ಎಲ್ಲಿ ಅಂತ ಕೇಳಿದರೆ ಬಸ್ಸಿನ ಕಂಡಕ್ಟರು ನಗುತ್ತಾನೆ. ನಮ್ಮ ಹಿರಿಯರು ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಬರುವ ಹಾಗೆ ಸರಪಳಿ ಕಟ್ಟಿದ್ದರು. ತೂಬು ಎತ್ತೋದಕ್ಕೆ ನೀರಗಂಟಿ ಇದ್ದ, ಕಾಲುವೆಯ ಹೂಳು ತೆಗೆಯೋದಕ್ಕೆ ಊರೇ ಇತ್ತು. ಕೆರೆ ಬತ್ತಿಸಿ ಸೈಟು ಹಂಚಿದವರಿಗೆ ಒಂದು ಸಣ್ಣ ವಿಚಾರ ಹೊಳೆಯಲಿಲ್ಲ. ಕೆರೆ ಹೋದರೂ ಮಳೆ ಹೋಗೋದಿಲ್ಲ.

ನೀರು ಏನು ಮಾಡಿತು? 2017ರ ಅಕ್ಟೋಬರಿನಲ್ಲಿ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಮನೆಯೊಳಗಿದ್ದ ಜನರನ್ನು ಕೊಚ್ಚಿಕೊಂಡು ಹೋಯಿತು. 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ಕಾರುಗಳು ಕಾಗದದ ದೋಣಿಯ ಹಾಗೆ ತೇಲಿದವು. ಆ ಊರಿನ ಹೆಸರಿನಲ್ಲೇ ಕೆರೆ ಇದೆ ನೋಡಿ. ನಗರದಲ್ಲಿ ಹೀಗಾದರೆ ಮಂತ್ರಿಗಳು ಬೂಟು ಹಾಕಿಕೊಂಡು ಬರುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ನಮ್ಮ ಹೊಲ ಕೊಚ್ಚಿ ಹೋದರೆ ಗ್ರಾಮಲೆಕ್ಕಿಗರೂ ಬರೋದಿಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಬೆಂಗಳೂರಿನ ಮಳೆನೀರಿನ ನಿರ್ವಹಣೆಯ ಮೇಲೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಿಸುವವರು, 2021ರಲ್ಲಿ ಒಂದು ವರದಿ ಕೊಟ್ಟರು. ಕಳೆದ ಶತಮಾನದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ 226.29 ಕಿಲೋಮೀಟರು ಕಾಲುವೆ ಇತ್ತಂತೆ. 2016-17ಕ್ಕೆ ಉಳಿದದ್ದು 111.72 ಕಿಲೋಮೀಟರು. ಅರ್ಧಕ್ಕರ್ಧ ಮಾಯ! ಒಬ್ಬ ರೈತ ಒಂದು ಗುಂಟೆ ಗೋಮಾಳ ಉತ್ತರೆ ನೋಟಿಸು ಬರುವ ದೇಶದಲ್ಲಿ ನೂರು ಕಿಲೋಮೀಟರಿಗೂ ಮೀರಿದ ಕಾಲುವೆ ಕಳುವಾಗಿದೆ. ಅದರ ಕಳ್ಳರು ಯಾರು ಅಂತ ಯಾವ ಠಾಣೆಯೂ ಹುಡುಕುತ್ತಿಲ್ಲ.

ಈ ವೃಷಭಾವತಿಯನ್ನೇ ನೋಡಿ. ಬಸವನಗುಡಿ ಕಡೆಯಿಂದ ಹೊರಟು, ಈ ಪಡುವಣ ಬಡಾವಣೆಗಳ ನೀರನ್ನೆಲ್ಲ ಕೂಡಿಸಿಕೊಂಡು, ಗಾಳಿ ಆಂಜನೇಯ ಗುಡಿ ಹಾಯ್ದು, ಮೈಸೂರು ರಸ್ತೆ ಪಕ್ಕ ಕೆಂಗೇರಿಗೆ ಇಳಿದು, ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರುತ್ತದೆ. 1940ರ ದಶಕದಲ್ಲಿ ಆ ಕೆರೆ ಕಟ್ಟಿದ್ದು ರೈತರ ನೀರಾವರಿಗೆ. ಮಳೆನೀರಿನ ಕಾಲುವೆಗೇ ಒಳಚರಂಡಿಯನ್ನೂ ಕಾರ್ಖಾನೆಯ ಕೊಳೆಯನ್ನೂ ಬಿಟ್ಟ ಮೇಲೆ ಅಲ್ಲಿ ನಿಂತಿರೋದು ನೊರೆ. ಅಲ್ಲಿನ ಅಚ್ಚುಕಟ್ಟಿನ ರೈತ ಭತ್ತ ಕೈಬಿಟ್ಟು ಸೀಮೆಹುಲ್ಲು, ಬೇಬಿ ಕಾರ್ನು ಹಿಡಿದ. ಆ ನೀರಿನಲ್ಲಿ ಬೆಳೆದ ತರಕಾರಿಗೆ ಮಾರುಕಟ್ಟೆಯಲ್ಲಿ ಮೂಗು ಮುರಿಯುವವರೂ ನಗರದವರೇ. ಮೇಲಿನವನು ಉಗಿದದ್ದನ್ನು ಕೆಳಗಿನವನು ಬೆಳೆಯಬೇಕು, ಬೆಲೆ ಕೇಳಬಾರದು!

ಈಗ ಸ್ವಲ್ಪ ನಮ್ಮ ಕಡೆಗೂ ತಿರುಗೋಣ. ಕೋಪ ಮಾಡಿಕೊಳ್ಳಬೇಡಿ. ಆ ಹಳ್ಳದ ಪಕ್ಕದ ಜಮೀನು ಮಾರಿದವರು ಯಾರು? ನಮ್ಮ ದಾಯಾದಿಗಳೇ. ಬೆಳೆಗೆ ಬೆಲೆ ಸಿಕ್ಕಿದ್ದರೆ ಮಾರುತ್ತಿರಲಿಲ್ಲ ಅನ್ನೋದು ನಿಜ, ಸಾಲ ಕುತ್ತಿಗೆಗೆ ಬಂದಿತ್ತು. ಆದರೆ ಮಾರುವ ಮೊದಲೇ ವರ್ಷ ವರ್ಷ ಒಂದೊಂದು ಸಾಲು ಹಳ್ಳದೊಳಕ್ಕೆ ನೇಗಿಲು ತಳ್ಳಿ, ಹದಿನೈದು ಅಡಿ ಇದ್ದದ್ದನ್ನು ಹತ್ತಕ್ಕೆ ಇಳಿಸಿದವರೂ ನಾವೇ. ನಾನೂ ಒಂದೆರಡು ಸಾಲು ತಳ್ಳಿದ್ದೇನೆ, ಯಾಕೆ ಸುಳ್ಳು ಹೇಳಲಿ? ಬಡಾವಣೆಯವನು ಮಿಕ್ಕ ಹತ್ತನ್ನು ನುಂಗಿದ. ಅವನನ್ನು ಬೈಯುವ ಬಾಯಿಗೆ ಬಲ ಬರಬೇಕಾದರೆ ಮೊದಲು ನಾವು ನಮ್ಮ ಬದುವನ್ನು ಹಿಂದಕ್ಕೆ ಸರಿಸಬೇಕು.

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಇದೆ. 2015ರ ನಗರ ಯೋಜನೆಯ ಪ್ರಕಾರ ದೊಡ್ಡ ರಾಜಕಾಲುವೆಗೆ 50 ಮೀಟರು, ಎರಡನೇ ದರ್ಜೆಗೆ 25, ಮೂರನೇ ದರ್ಜೆಗೆ 15 ಮೀಟರು ಬಿಡಬೇಕು. ಹಸಿರು ನ್ಯಾಯಮಂಡಳಿ 2016ರಲ್ಲಿ ಚಿಕ್ಕ ಕಾಲುವೆಗಳ ಅಂತರವನ್ನು ಹೆಚ್ಚಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿತು. ಜಲಮಂಡಳಿ ಕಾಯಿದೆಗೆ 2009ರಲ್ಲಿ ತಿದ್ದುಪಡಿ ತಂದು, ಹೊಸದಾಗಿ ಮನೆ ಕಟ್ಟುವವನು 30-40 ಸೈಟಿನಲ್ಲೂ ಮಳೆನೀರು ಹಿಡಿಯಬೇಕು ಅಂತ ಮಾಡಿದರು. ಆದರೆ ಇವೆಲ್ಲ ಕಾಲುವೆಯ ಅಂಚಿನ ಮಾತು, ಮನೆಯ ಸೂರಿನ ಮಾತು. ರಸ್ತೆಯೂ ಸೇರಿ ಇಡೀ ಬಡಾವಣೆಯಿಂದ ಹೊರಗೆ ಎಷ್ಟು ನೀರು ಬಿಡಬಹುದು ಅನ್ನೋದೇ ನಮಗೆ ಬೇಕಾದ ಮಾತು.

ನಾನು ಕೇಳೋದು ಇಷ್ಟೇ. ಹೊಲವಾಗಿದ್ದಾಗ ಎಷ್ಟು ನೀರು ಎಷ್ಟು ವೇಗದಲ್ಲಿ ಗಡಿ ದಾಟುತ್ತಿತ್ತೋ, ಬಡಾವಣೆ ಆದಮೇಲೂ ಅಷ್ಟೇ ದಾಟಬೇಕು. ಮಿಕ್ಕಿದ್ದನ್ನು ಅವನ ನೆಲದಲ್ಲೇ ಹಿಡಿಯಬೇಕು. ಇದು ಆಕಾಶಪುಷ್ಪ ಏನಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 1982ರಲ್ಲೇ ಇಂಥ ಕಾನೂನು ಮಾಡಿದೆ. ಜಾಗ ಎಲ್ಲಿಂದ ತರೋಣ ಅಂತ ಬಿಲ್ಡರು ಅಳುತ್ತಾನೆ. ಮತ್ತೆ ಲೆಕ್ಕ ಹಾಕಿ. ನೂರು ಎಕರೆ ಬಡಾವಣೆಯ ಮೇಲೆ ಎರಡಂಗುಲ ಮಳೆ ಬಿದ್ದರೆ, ಒಂದು ಹನಿಯೂ ಇಂಗದಿದ್ದರೂ, ಅದನ್ನೆಲ್ಲ ಹಿಡಿಯೋದಕ್ಕೆ ಎರಡೆಕರೆ ಅಗಲ, ಎಂಟೂವರೆ ಅಡಿ ಆಳದ ಕಟ್ಟೆ ಸಾಕು. ನೂರಕ್ಕೆ ಎರಡು! ಉದ್ಯಾನವನಕ್ಕೆ ಅಂತ ಹೇಗೂ ಜಾಗ ಬಿಡಲೇಬೇಕು. ಅದನ್ನು ತಗ್ಗಿನ ಕಡೆ ಬಿಟ್ಟು ಕಟ್ಟೆ ಅಗೆಯಲಿ. ಆದರೆ ಅವನ ನಕ್ಷೆಯಲ್ಲಿ ಪಾರ್ಕು ಯಾವಾಗಲೂ ದಿಣ್ಣೆಯ ಮೇಲಿರುತ್ತದೆ, ಸೈಟು ಹಳ್ಳದಲ್ಲಿರುತ್ತದೆ.

ನೀರಿನ ಬೆಲೆಯನ್ನೂ ನೋಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಕೊಡ ಹಿಡಿದು ನಿಂತಾಗ ಜಿಲ್ಲಾಡಳಿತವೇ ದರ ಕಟ್ಟಿತು. ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ. ಒಂದೆಕರೆಗೆ 39 ಲಕ್ಷ ಲೀಟರು, 650 ಟ್ಯಾಂಕರು. ಸರ್ಕಾರದ ದರದಲ್ಲೇ 3 ಲಕ್ಷ 90 ಸಾವಿರ ರೂಪಾಯಿ. ಮಳೆಗಾಲದಲ್ಲಿ ಇಷ್ಟನ್ನು ಕೊಳೆ ಸೇರಿಸಿ ನಮ್ಮ ಹೊಲಕ್ಕೆ ದಬ್ಬುವವರು ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ಲಿನ ಮುಂದೆ ಟ್ಯಾಂಕರು ತಂದು ನಿಲ್ಲಿಸುತ್ತಾರೆ.

ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬಂತೋ ಇಲ್ಲವೋ, ನಿಮ್ಮ ಜಮೀನಿನ ಬೆಲೆ ಏರಿತು, ಅಭಿವೃದ್ಧಿ ಕರ ಕಟ್ಟಿ ಅಂತ ಸರ್ಕಾರ ರೈತರ ಬೆನ್ನು ಬಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಅದಕ್ಕೇ ಗೋಲಿಬಾರಾಯಿತು, ಪ್ರಾಣ ಹೋಯಿತು. ಸರಿ, ಬೆಲೆ ಏರಿದವನು ಕರ ಕೊಡಬೇಕು ಅನ್ನೋದು ನ್ಯಾಯವಾದರೆ, ಎಕರೆ ಲೆಕ್ಕದಲ್ಲಿ ಕೊಂಡು ಚದರಡಿ ಲೆಕ್ಕದಲ್ಲಿ ಮಾರಿದವನಿಂದ ನಮ್ಮ ಬದು ಕಟ್ಟಿಸೋದಕ್ಕೆ ಎಷ್ಟು ವಸೂಲು ಮಾಡಿದ್ದಾರೆ? ಕೇಳಬೇಕೋ ಬೇಡವೋ?

ಕೇಳೋ ಕಾಲ ಮುಗಿದಿಲ್ಲ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2010ರ ಅಂತಿಮ ಅಧಿಸೂಚನೆಯಲ್ಲಿ 4,043 ಎಕರೆ ಹೋಯಿತು. ಸೂಲಿಕೆರೆ, ಕೊಮ್ಮಘಟ್ಟ, ರಾಮಸಂದ್ರ, ಭೀಮನಕುಪ್ಪೆ, ಇವು ಕೆರೆ ಇರುವ ಊರುಗಳು. 2025ರ ಮಾರ್ಚಿನಲ್ಲಿ ಬಿಡದಿ ಉಪನಗರಕ್ಕೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯ್ತಿಗಳ ಸಾವಿರಾರು ಎಕರೆ. ಮೇಲಿನ ಊರಿನ ಕೊಳೆ ಇಷ್ಟು ವರ್ಷ ಕುಡಿದ ರೈತನ ನೆಲವನ್ನೇ ಈಗ ಕೇಳುತ್ತಿದ್ದಾರೆ. ಕೊಡೋದಿಲ್ಲ ಅಂತ ಅಲ್ಲಿಯವರು ಬೀದಿಗಿಳಿದಿದ್ದಾರೆ. ಅದು ಸರಿಯಾದ ಹೋರಾಟ. ನೆಲ ಕೊಡದೇ ಉಳಿಸಿಕೊಂಡವನೂ ಪಕ್ಕದ ಬಡಾವಣೆಯ ನೀರಿಗೆ ಸಿಕ್ಕಬಾರದು ಅನ್ನೋದನ್ನು ಅದರ ಜೊತೆಗೇ ಕೇಳಬೇಕು.

ಇದಕ್ಕೆ ಕಾಗದ ಬೇಕು. ತಾಲೂಕು ಕಚೇರಿಯ ಭೂಮಾಪನ ಶಾಖೆಯಲ್ಲಿ ಅರ್ಜಿ ಕೊಟ್ಟು ನಿಮ್ಮೂರಿನ ಗ್ರಾಮನಕ್ಷೆ, ಹಳ್ಳದ ಪಕ್ಕದ ನಂಬರುಗಳ ಟಿಪ್ಪಣಿ, ಆಕಾರಬಂದು ತೆಗೆಸಿ. ಹಳ್ಳ, ಕಾಲುವೆ, ದಾರಿ ಇವೆಲ್ಲ 'ಬಿ' ಖರಾಬು ಅಂತ ಬರೆದಿರುತ್ತೆ. ಅದು ಸಾರ್ವಜನಿಕರದ್ದು, ಮಾರೋದಕ್ಕೆ ನಮಗೂ ಹಕ್ಕಿಲ್ಲ, ಮುಚ್ಚೋದಕ್ಕೆ ಅವನಿಗೂ ಹಕ್ಕಿಲ್ಲ. ಅಕ್ಕಪಕ್ಕದಲ್ಲಿ ಬಡಾವಣೆ ನಕ್ಷೆ ಮಂಜೂರಾತಿಗೆ ಹೋಗಿದೆ ಅಂತ ಸುದ್ದಿ ಬಿದ್ದ ದಿನವೇ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ ಯೋಜನಾ ಪ್ರಾಧಿಕಾರಕ್ಕೆ ತಕರಾರು ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮನೆ ಎದ್ದ ಮೇಲೆ ಹೋದರೆ ನಾನು ಕೇಳಿಸಿಕೊಂಡ ಉತ್ತರವೇ ನಿಮಗೂ ಸಿಗುತ್ತದೆ.

ನಮ್ಮೂರಿನ ನಕ್ಷೆ ನಾನು ತೆಗೆಸಿದ್ದೇನೆ. ಅದರಲ್ಲಿ ಹಳ್ಳ ಇನ್ನೂ ಹಾಗೇ ಇದೆ, ಎರಡು ಗೆರೆ ಎಳೆದು ತೋರಿಸಿದ್ದಾರೆ. ಸರ್ವೆಯವರು ಅಳತೆಗೆ ಬರುವ ದಿನ ಬಡಾವಣೆಯವರ ಜೊತೆ ನನ್ನ ಬದುವನ್ನೂ ಅಳೆಯಿರಿ ಅಂತ ಅರ್ಜಿಯಲ್ಲೇ ಬರೆದಿದ್ದೇನೆ.