ಚುನಾವಣಾ ಪ್ರಸಾರದಲ್ಲಿನ ಪ್ರಾದೇಶಿಕ ತಾರತಮ್ಯವನ್ನು ನಿವಾರಿಸುವಂತೆ ಕೋರಿ ಮನವಿ ಪತ್ರ

ಗೆ,
ಭಾರತ ಚುನಾವಣಾ ಆಯೋಗ ಹಾಗೂ ಪ್ರಸಾರ ಭಾರತಿ ಮಂಡಳಿ, ನವದೆಹಲಿ

ವಿಷಯ: ಲೋಕಸಭಾ ಚುನಾವಣೆಯ ಪ್ರಚಾರ ಅವಧಿಯಲ್ಲಿ ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಎಲ್ಲ ರಾಜ್ಯಗಳಿಗೂ ನ್ಯಾಯಯುತ ಸಮಯ ಒದಗಿಸುವ ಬಗ್ಗೆ.

ಮಾನ್ಯರೇ,

ಲೋಕಸಭೆಯ 543 ಸ್ಥಾನಗಳ ಪೈಕಿ ದಕ್ಷಿಣದ ಐದು ರಾಜ್ಯಗಳಿಂದ 129 ಹಾಗೂ ಈಶಾನ್ಯದ ಎಂಟು ರಾಜ್ಯಗಳಿಂದ 25 ಸದಸ್ಯರು ಆಯ್ಕೆಯಾಗುತ್ತಾರೆ. ಆದರೂ ಪ್ರಚಾರದ ವಾರಗಳಲ್ಲಿ ಈ ರಾಜ್ಯಗಳು ರಾಷ್ಟ್ರೀಯ ಸುದ್ದಿವಾಹಿನಿಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ದೆಹಲಿಯ ನಾಯಕರೊಬ್ಬರು ಅಲ್ಲಿ ಸಮಾವೇಶ ನಡೆಸಿದಾಗ, ಇಲ್ಲವೇ ಅಲ್ಲಿನ ವಿವಾದವೊಂದು ಉತ್ತರದ ರಾಜಕೀಯ ಚರ್ಚೆಗೆ ಒದಗಿಬಂದಾಗ ಮಾತ್ರ ಎಂಬುದು ಈ ಮನವಿಗೆ ಸಹಿ ಮಾಡಿರುವ ಕರ್ನಾಟಕದ ಮತದಾರರ ದೃಢ ಅಭಿಪ್ರಾಯವಾಗಿದೆ.

2024ರ ಚುನಾವಣೆಯಲ್ಲಿ ಕರ್ನಾಟಕದ 28 ಕ್ಷೇತ್ರಗಳಿಗೆ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ಮತದಾನ ನಡೆಯಿತು. ಆ ಹೊತ್ತಿಗೆ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಕೇಂದ್ರದ ವಿಪತ್ತು ನಿಧಿಯಿಂದ ಬರಬೇಕಾದ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 18 ಸಾವಿರ ಕೋಟಿ ರೂಪಾಯಿಗೂ ಮೀರಿದ ಬೇಡಿಕೆಗೆ ಪ್ರತಿಯಾಗಿ ಏಪ್ರಿಲ್ ಕೊನೆಯಲ್ಲಿ, ಮತದಾನದ ನಡುವೆಯೇ, ಸುಮಾರು 3,454 ಕೋಟಿ ರೂಪಾಯಿ ಮಂಜೂರಾಯಿತು. ಕೇಂದ್ರದ ತೆರಿಗೆ ವರಮಾನದಲ್ಲಿ ರಾಜ್ಯಗಳಿಗೆ ಸೇರುವ ಪಾಲನ್ನು ಶಿಫಾರಸು ಮಾಡುವ ಹಣಕಾಸು ಆಯೋಗವು, ರಾಜ್ಯಗಳ ಒಟ್ಟು ಪಾಲಿನಲ್ಲಿ ಕರ್ನಾಟಕದ ಅಂಶವನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದೂ ಇಲ್ಲಿನ ಪ್ರಚಾರದ ಮುಖ್ಯ ಪ್ರಶ್ನೆಯಾಗಿತ್ತು. ಇವುಗಳಲ್ಲಿ ಯಾರ ವಾದ ಸರಿ ಎಂಬುದು ಈ ಮನವಿಯ ವಿಷಯವಲ್ಲ. ಕೊಳವೆಬಾವಿ ಬತ್ತಿದ ರೈತನ ಹೊಲದಿಂದ ಬರಬೇಕಿದ್ದ ವರದಿಯ ಜಾಗದಲ್ಲಿ ಇಬ್ಬರು ನಾಯಕರ ವಾಗ್ವಾದವಷ್ಟೇ ಬಿತ್ತರಗೊಂಡರೆ, ಬೇರೆ ರಾಜ್ಯದ ಮತದಾರನಿಗೆ ಒಕ್ಕೂಟದ ಹಣಕಾಸಿನ ಈ ಪ್ರಶ್ನೆ ತನ್ನದೂ ಹೌದೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಕರ್ನಾಟಕಕ್ಕಿಂತ ಹೆಚ್ಚಿನ ಅನ್ಯಾಯ ಸಣ್ಣ ಪ್ರದೇಶಗಳಿಗೆ ಆಗುತ್ತಿದೆ. ಪ್ರತ್ಯೇಕ ಆಡಳಿತ ವ್ಯವಸ್ಥೆ ಬೇಕೆಂಬ ಬೇಡಿಕೆಯ ಮೇಲೆ ಪೂರ್ವ ನಾಗಾಲ್ಯಾಂಡ್‌ನ ಆರು ಜಿಲ್ಲೆಗಳ ಸುಮಾರು ನಾಲ್ಕು ಲಕ್ಷ ಮತದಾರರು 2024ರ ಏಪ್ರಿಲ್ 19ರಂದು ಮತಗಟ್ಟೆಗಳಿಂದ ದೂರ ಉಳಿದರು. ಅಲ್ಲಿನ ಮತದಾನ ಬಹುತೇಕ ಶೂನ್ಯವಾಗಿತ್ತು. ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ದೊಡ್ಡ ಚುನಾವಣಾ ಸುದ್ದಿ ವಿರಳ, ಆದರೆ ದೇಶದ ಚರ್ಚೆಯಲ್ಲಿ ಅದು ಹೆಚ್ಚು ದಿನ ಉಳಿಯಲಿಲ್ಲ.

ಈ ಅಸಮತೋಲನಕ್ಕೆ ವ್ಯಾಪಾರದ ಕಾರಣಗಳಿವೆ. ಹಲವು ಖಾಸಗಿ ವಾಹಿನಿಗಳ ಸುದ್ದಿಮನೆಗಳು ದೆಹಲಿ ಮತ್ತು ನೋಯ್ಡಾದಲ್ಲಿವೆ. ಜಾಹೀರಾತಿನ ದರವು ಟಿಆರ್‌ಪಿಯನ್ನು, ಅಂದರೆ ಒಂದು ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡುತ್ತಾರೆಂಬ ಅಂದಾಜನ್ನು, ಅವಲಂಬಿಸಿರುವುದರಿಂದ ಹಿಂದಿ ಮಾತನಾಡುವ ವಿಶಾಲ ಮಾರುಕಟ್ಟೆಯ ಆಸಕ್ತಿಯೇ ದೇಶದ ಆಸಕ್ತಿಯಾಗಿ ಬಿಂಬಿತವಾಗುತ್ತದೆ. ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಈ ನೆಪವಿಲ್ಲ. ನ್ಯಾಯಸಮ್ಮತ ಹಾಗೂ ಸಮತೋಲಿತ ಮಾಹಿತಿ ನೀಡುವುದು, ದೇಶದ ವಿವಿಧ ಪ್ರದೇಶಗಳ ಭಾಷೆ ಮತ್ತು ಸಂಸ್ಕೃತಿಗಳಿಗೆ ಸಾಕಷ್ಟು ಸ್ಥಾನ ಕೊಡುವುದು ಪ್ರಸಾರ ಭಾರತಿಯ ಕರ್ತವ್ಯವೆಂದು 1990ರ ಪ್ರಸಾರ ಭಾರತಿ ಕಾಯ್ದೆಯ 12ನೆಯ ಪ್ರಕರಣವೇ ವಿಧಿಸಿದೆ.

ಪಕ್ಷಗಳಿಗೆ ದೊರೆಯುವ ಉಚಿತ ಪ್ರಸಾರ ಸಮಯದಲ್ಲೂ ಇದೇ ಓರೆ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 39ಎ ಪ್ರಕರಣವು ಮಾನ್ಯತೆ ಪಡೆದ ಪಕ್ಷಗಳ ಹಿಂದಿನ ಸಾಧನೆಯನ್ನು ಆಧರಿಸಿ ಸಮಯ ಹಂಚುವ ಅಧಿಕಾರವನ್ನು ಆಯೋಗಕ್ಕೆ ನೀಡಿದ್ದು, ಅದರಂತೆ ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ ಕನಿಷ್ಠ 10 ಗಂಟೆಗಳು ರಾಷ್ಟ್ರೀಯ ಪಕ್ಷಗಳಿಗೆ ಮೀಸಲಾದರೆ, ರಾಜ್ಯ ಪಕ್ಷಗಳಿಗೆ ಆಯಾ ಪ್ರಾದೇಶಿಕ ಕೇಂದ್ರಗಳಲ್ಲಿ ಸಮಯ ದೊರೆಯುತ್ತದೆ. 2024ರಲ್ಲಿ ರಾಷ್ಟ್ರೀಯ ಮಾನ್ಯತೆಯಿದ್ದ ಬಹುಜನ ಸಮಾಜ ಪಕ್ಷ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ರಾಜ್ಯ ಪಕ್ಷಗಳಾದ ಸಮಾಜವಾದಿ ಪಕ್ಷ 37, ತೃಣಮೂಲ ಕಾಂಗ್ರೆಸ್ 29, ಡಿಎಂಕೆ 22 ಸ್ಥಾನ ಪಡೆದವು. ತೆಲುಗುದೇಶಂನ 16 ಮತ್ತು ಸಂಯುಕ್ತ ಜನತಾದಳದ 12 ಸದಸ್ಯರ ಬೆಂಬಲವಿಲ್ಲದೆ ಕೇಂದ್ರದಲ್ಲಿ ಬಹುಮತ ಸಾಧ್ಯವಿರಲಿಲ್ಲ. ದೇಶದ ಸರ್ಕಾರವನ್ನು ಉಳಿಸುವ ಶಕ್ತಿಯುಳ್ಳ ಪಕ್ಷಗಳ ಮಾತನ್ನು ದೇಶವಿಡೀ ಕೇಳಬೇಕಾದುದು ಮತದಾರರ ಹಕ್ಕು.

ಆದುದರಿಂದ ಮುಂದಿನ ಲೋಕಸಭಾ ಚುನಾವಣೆಗೆ ಮುನ್ನ, ಗತ ಸದನದಲ್ಲಿ ಗಣನೀಯ ಪ್ರಾತಿನಿಧ್ಯ ಹೊಂದಿದ್ದ ರಾಜ್ಯ ಪಕ್ಷಗಳಿಗೆ ರಾಷ್ಟ್ರೀಯ ವಾಹಿನಿಯಲ್ಲೂ ಆಕಾಶವಾಣಿಯ ರಾಷ್ಟ್ರೀಯ ಪ್ರಸಾರದಲ್ಲೂ ಸಮಯ ದೊರೆಯುವಂತೆ ಆಯೋಗವು ತನ್ನ ಹಂಚಿಕೆಯ ಮಾನದಂಡವನ್ನು ಪರಿಷ್ಕರಿಸಬೇಕೆಂದು ಕೋರಲಾಗಿದೆ. ಪ್ರಚಾರದ ಅವಧಿಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ನಿಮಿಷ ದೊರೆಯಿತು, ಅದರಲ್ಲಿ ನಾಯಕರ ಸಮಾವೇಶದ ನೇರಪ್ರಸಾರ ಎಷ್ಟು, ಕ್ಷೇತ್ರದ ವರದಿ ಎಷ್ಟು ಎಂಬ ಲೆಕ್ಕವನ್ನು ಪ್ರಸಾರ ಭಾರತಿ ವಾರಕ್ಕೊಮ್ಮೆ ಬಹಿರಂಗಪಡಿಸಬೇಕು. ಲೆಕ್ಕ ಇಲ್ಲದಿದ್ದರೆ ತಾರತಮ್ಯದ ಆರೋಪವನ್ನು ಸಾಬೀತುಪಡಿಸುವುದೂ ಅಲ್ಲಗಳೆಯುವುದೂ ಅಸಾಧ್ಯ. ಬೆಂಗಳೂರು, ಧಾರವಾಡಗಳಲ್ಲಿರುವಂಥ ಆಕಾಶವಾಣಿಯ ಪ್ರಾದೇಶಿಕ ಸುದ್ದಿ ವಿಭಾಗಗಳು ಸಿದ್ಧಪಡಿಸುವ ವರದಿಗಳು ಅನುವಾದಗೊಂಡು ದೆಹಲಿಯ ಮುಖ್ಯ ವಾರ್ತೆಗಳಲ್ಲಿ ಪ್ರತಿದಿನ ಸೇರಬೇಕು. ದೂರದರ್ಶನದಲ್ಲಿ ಮತದಾರರ ಮಾತು ಅವರದೇ ಭಾಷೆಯಲ್ಲಿ, ಉಪಶೀರ್ಷಿಕೆಯೊಂದಿಗೆ ಪ್ರಸಾರವಾಗಬೇಕು. ಲಡಾಖ್, ಲಕ್ಷದ್ವೀಪ, ಮಿಜೋರಾಂಗಳಂಥ ಏಕೈಕ ಕ್ಷೇತ್ರದ ಪ್ರದೇಶಗಳಿಂದಲೂ ಅಲ್ಲಿನ ಮತದಾನಕ್ಕೆ ಮೊದಲು ವಿವರವಾದ ಕ್ಷೇತ್ರವರದಿ ಕಡ್ಡಾಯವಾಗಬೇಕು.

ಈ ಬೇಡಿಕೆಗಳ ಮೇಲೆ ಕೈಗೊಳ್ಳುವ ಕ್ರಮವನ್ನು, ಯಾವುದಾದರೂ ಬೇಡಿಕೆ ಒಪ್ಪಿಗೆಯಾಗದಿದ್ದಲ್ಲಿ ಅದರ ಕಾರಣವನ್ನು, ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಲಾಗಿದೆ.

ಇಂತಿ,
ಸಹಿ ಮಾಡಿರುವ ಮತದಾರರು, ಬೆಂಗಳೂರು